ಸಂತ ತೋಮಾಸರ ಪ್ರಶ್ನೆ ಮತ್ತು ಗೌರಿಬಿದನೂರಿನ ಮೇಷ್ಟ್ರು



ಜುಲೈ 3ರಂದು ಧರ್ಮಸಭೆಯು ಪ್ರೇಷಿತ ಸಂತ ತೋಮಾಸರ ಹಬ್ಬವನ್ನು ಆಚರಿಸುತ್ತದೆ. 1969ರಲ್ಲಿ ಪೂಜಾ ಪಂಚಾಂಗ ಪರಿಷ್ಕಾರವಾಗುವವರೆಗೂ ಈ ಹಬ್ಬ ಡಿಸೆಂಬರ್ 21ರಂದು, ಕ್ರಿಸ್ತ ಜಯಂತಿಯ ಸಡಗರದ ನಡುವೆ ಬಂದುಹೋಗುತ್ತಿತ್ತು. ಭಾರತಕ್ಕೆ ಶುಭಸಂದೇಶ ತಂದವರೆಂದು ನಾವು ಗೌರವಿಸುವ ಈ ಪ್ರೇಷಿತರನ್ನು ಮಾತಿನಲ್ಲಿ ಮಾತ್ರ ನಾವು ಅಷ್ಟಾಗಿ ಗೌರವಿಸುವುದಿಲ್ಲ. ಯಾರಾದರೂ ಎರಡು ಬಾರಿ ಪ್ರಶ್ನೆ ಕೇಳಿದರೆ ಸಾಕು, 'ಇವನೊಬ್ಬ ಸಂಶಯದ ತೋಮ' ಎಂದು ಬಿಡುತ್ತೇವೆ.

ಸಂತ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಉಳಿದ ಶಿಷ್ಯರು ತಾವು ಪ್ರಭುವನ್ನು ಕಂಡೆವೆಂದು ಹೇಳಿದಾಗ ತೋಮಾಸರು ಗಾಯದ ಗುರುತನ್ನು ತಾವೇ ನೋಡಬೇಕು, ಮುಟ್ಟಬೇಕು ಎಂದರು. ಆ ಮಾತಿಗಾಗಿ ಅವರನ್ನು ಯಾರೂ ಕೋಣೆಯಿಂದ ಹೊರಗೆ ಹಾಕಲಿಲ್ಲ. ಎಂಟು ದಿನಗಳ ಬಳಿಕವೂ ಅವರು ಅದೇ ಸಹೋದರರ ನಡುವೆ ಕುಳಿತಿದ್ದರು. ಪ್ರಭು ಬಂದು ಮೊದಲು ಶಾಂತಿಯನ್ನು ಕೋರಿದರು, ನಂತರ ತಮ್ಮ ಕೈಗಳನ್ನು ಮುಂದೆ ಚಾಚಿದರು. ಕಾಣದೆ ವಿಶ್ವಾಸಿಸುವವರು ಧನ್ಯರೆಂಬ ಮಾತು ಬಂದದ್ದು ಆಮೇಲೆ, ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ. ಆ ನಾಲ್ಕು ಶುಭಸಂದೇಶಗಳಲ್ಲೇ ಅತ್ಯಂತ ಸ್ಪಷ್ಟವಾದ ವಿಶ್ವಾಸ ಪ್ರಕಟಣೆಗಳಲ್ಲಿ ಒಂದು ಇದೇ ತೋಮಾಸರ ಬಾಯಿಂದ ಬಂತು.

ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಬೇಕೇ, ಕಲಿಸಿದರೆ ಎಲ್ಲಿಯವರೆಗೆ ಎಂಬ ವಾದ ಇಂದು ನಮ್ಮ ಶಾಲೆಗಳ ಸುತ್ತ ನಡೆಯುತ್ತಿದೆ. ಶಿಕ್ಷಣ ತಜ್ಞರು ಇದನ್ನು ವಿಮರ್ಶಾತ್ಮಕ ಚಿಂತನೆ ಎನ್ನುತ್ತಾರೆ. ಈ ವಾದಕ್ಕೆ ನಮ್ಮ ನಾಡಿನಲ್ಲೇ ಒಂದು ಇತಿಹಾಸವಿದೆ. ಅದರ ಮುಖ್ಯ ಅಧ್ಯಾಯ ಬರೆದವರು ನಮ್ಮದೇ ಸೀಮೆಯವರು. ಈ ಹಬ್ಬದ ಹೊತ್ತಿನಲ್ಲಿ ಅದನ್ನು ಸ್ಮರಿಸುವುದು ಯೋಗ್ಯವೆನಿಸುತ್ತದೆ.

ಬಂಡೆಗಲ್ಲಿನ ಸೀಮೆಯ ಹುಡುಗ

ಚಿಂತಾಮಣಿಯ ಅಂಬಾಜಿದುರ್ಗದಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನವರೆಗೆ ಇರುವುದು ಬಂಡೆಗಲ್ಲಿನ, ಮಳೆ ಕಡಿಮೆಯ ಸೀಮೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ಧರ್ಮಸಭೆಯ ಆಡಳಿತದಲ್ಲಿ ಇದು ಬೆಂಗಳೂರು ಮಹಾಧರ್ಮಕ್ಷೇತ್ರದ ಭಾಗ. ನೆಲ ಒಣಗಿದ್ದರೂ ಇಲ್ಲಿ ಪ್ರಶ್ನೆಗಳಿಗೆ ಬರವಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇಲ್ಲಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿದ ವಿದುರಾಶ್ವತ್ಥವೂ ಇಲ್ಲಿದೆ.

ಆ ವಿದುರಾಶ್ವತ್ಥ ಇರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಒಂದು ಬಡ ಕುಟುಂಬದಲ್ಲಿ ಎಚ್. ನರಸಿಂಹಯ್ಯ ಹುಟ್ಟಿದರು. ಓದುವ ಆಸೆಯಿಂದ 1935ರಲ್ಲಿ ಆ ಹುಡುಗ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿರಲಿಲ್ಲ. ಸುಮಾರು 80 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದೇ ಕ್ರಮಿಸಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. 1942ರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಓದನ್ನು ಬಿಟ್ಟು ಚಲೇಜಾವ್ ಚಳವಳಿಗಿಳಿದು ಸೆರೆಮನೆ ಕಂಡರು. ಹೊರಬಂದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಮರಳಿದ್ದು ಅದೇ ಕಾಲೇಜಿಗೆ, ಅದೇ ವಿದ್ಯಾರ್ಥಿನಿಲಯದ ಕೋಣೆಗೆ. ಖಾದಿ ಉಟ್ಟು, ಮದುವೆಯಾಗದೆ, ಕೊನೆಯವರೆಗೂ ಅಲ್ಲೇ ಬಾಳಿದರು. ನಮ್ಮ ಸಂನ್ಯಾಸಿ ಸಭೆಗಳ ಜೀವನವನ್ನು ಹತ್ತಿರದಿಂದ ಕಂಡವರಿಗೆ ಈ ಬಗೆಯ ಬದುಕಿನ ಬೆಲೆ ಗೊತ್ತು.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಬುಧವಾರದ ಸಂಜೆ ಯಾರು ಬೇಕಾದರೂ ಬಂದು ಕುಳಿತು ವಿಜ್ಞಾನಿಗಳ ಭಾಷಣ ಕೇಳಬಹುದು, ಎದ್ದು ನಿಂತು ಪ್ರಶ್ನೆ ಹಾಕಬಹುದು. ಹುಟ್ಟಿದ ಸೀಮೆಯನ್ನೂ ಅವರು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ನೆಲೆಗೊಂಡದ್ದರ ಹಿಂದೆ ಅವರ ಶ್ರಮವಿದೆ. ತಾನು ನಡೆದ ಹಾದಿಯನ್ನು ಇನ್ನೊಬ್ಬ ಬಡ ಹುಡುಗ ನಡೆಯಬೇಕಾಗಿ ಬರದಿರಲಿ ಎಂಬುದು ಅದರ ಅರ್ಥ.

ತಮ್ಮ ವಿದ್ಯಾರ್ಥಿಗಳಿಗೆ ಅವರು ಜೀವನವಿಡೀ ಹೇಳಿದ್ದು ಒಂದೇ ಮಾತು: ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ.

1976ರ ಸಮಿತಿ

1970ರ ದಶಕದಲ್ಲಿ ಡಾ. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1976ರಲ್ಲಿ ವಿಶ್ವವಿದ್ಯಾನಿಲಯದ ವತಿಯಿಂದಲೇ ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿದರು. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಜನ ಮುಗಿಬೀಳುತ್ತಿದ್ದ ಒಬ್ಬ ಎಳೆಯ ಬಾಲಕನನ್ನು ಸಮಿತಿ ಪರೀಕ್ಷಿಸಿತು. ವಿಭೂತಿ ಅವನ ಉಡುಪಿನಲ್ಲೇ ಅಡಗಿತ್ತೆಂದು ತಿಳಿದುಬಂತು. ಬಳಿಕ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಕುಲಪತಿಗಳು ಮೂರು ಪತ್ರಗಳನ್ನು ಬರೆದರು. ಸಮಿತಿಯ ಎದುರು, ಪರೀಕ್ಷೆಯ ನಿಯಮಗಳಿಗೆ ಒಳಪಟ್ಟು ವಸ್ತುಗಳನ್ನು ಸೃಷ್ಟಿಸಿ ತೋರಿಸಬೇಕೆಂದು ಕೇಳಿದರು. ಉಂಗುರದಂಥ ಚಿಕ್ಕ ವಸ್ತು ಬೇಡ, ಅಂಗೈಯಲ್ಲಿ ಅಡಗಿಸಲಾಗದ ಕುಂಬಳಕಾಯಿಯಾಗಲಿ ಎಂಬ ಅವರ ಮಾತು ಮನೆಮಾತಾಯಿತು. ಬಾಬಾ ಅವರು ಪರೀಕ್ಷೆಗೆ ಒಪ್ಪಲಿಲ್ಲ. ಅಧ್ಯಾತ್ಮವು ಇಂದ್ರಿಯಗಳಿಗೆ ಮೀರಿದ್ದು, ವಿಜ್ಞಾನದ ಅಳತೆ ಅದಕ್ಕೆ ಸಲ್ಲದು ಎಂಬುದು ಅವರ ಕಡೆಯ ನಿಲುವು. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಪರ ವಿರೋಧ ಚರ್ಚೆ ನಡೆಯಿತು. 1977ರ ಆಗಸ್ಟ್‌ನಲ್ಲಿ ಸಮಿತಿ ವಿಸರ್ಜನೆಗೊಂಡಿತು.

ಆ ವರ್ಷವನ್ನು ಗಮನಿಸಿ. 1976 ತುರ್ತುಪರಿಸ್ಥಿತಿಯ ವರ್ಷ. ಪತ್ರಿಕೆಗಳ ಮೇಲೆ ನಿರ್ಬಂಧ, ಸರ್ಕಾರವನ್ನು ಪ್ರಶ್ನಿಸಿದವರಿಗೆ ಸೆರೆಮನೆ. ಅದೇ ವರ್ಷ ಸಂಸತ್ತು ಸಂವಿಧಾನದ 42ನೇ ತಿದ್ದುಪಡಿಯನ್ನು ಅಂಗೀಕರಿಸಿ, 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಬರೆಯಿತು. ಕೇಳಬೇಕೆಂದು ಒಂದು ಕೈಯಲ್ಲಿ ಬರೆದು, ಕೇಳಿದವರ ಬಾಯಿಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿದ ಕಾಲ ಅದು. ಅದೇ ವರ್ಷ ಗೌರಿಬಿದನೂರಿನ ಬಯಲಿನಲ್ಲಿ ರೇಡಿಯೋ ದೂರದರ್ಶಕವೂ ಆಕಾಶದ ಸದ್ದಿಗೆ ಕಿವಿಗೊಡಲು ಆರಂಭಿಸಿತು.

ಇಂದಿನ ವಾದಗಳಿಗೂ ಇದು ಪಾಠ. ಅಧಿಕಾರದಲ್ಲಿರುವವರು ಸಾಮಾನ್ಯವಾಗಿ ಪ್ರಶ್ನೆಗಳನ್ನು ಮೆಚ್ಚುತ್ತಾರೆ, ಆ ಪ್ರಶ್ನೆ ಬೇರೆಯವರ ಕಡೆಗೆ ತಿರುಗಿರುವವರೆಗೆ.

ಪಠ್ಯಪುಸ್ತಕದ ಜಗಳ

ಶಾಲೆಯ ಕಡೆಗೆ ಬರೋಣ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದ ಪದ್ಧತಿಯನ್ನು ಬಿಟ್ಟು ಮಗು ತಾನೇ ಅರಿವನ್ನು ಕಟ್ಟಿಕೊಳ್ಳಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ವಿಮರ್ಶಾತ್ಮಕ ಚಿಂತನೆ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಕಾಗದದ ಮೇಲೆ ಎಲ್ಲ ಪಕ್ಷಗಳೂ ಇದನ್ನು ಒಪ್ಪಿದಂತೆಯೇ.

ಕರ್ನಾಟಕದಲ್ಲಿ ನಡೆದದ್ದು ಬೇರೆ. 2011ರಲ್ಲಿ ಶಾಲೆಗಳಲ್ಲಿ ಭಗವದ್ಗೀತೆ ಅಭಿಯಾನದ ಬಗ್ಗೆ ವಿವಾದ ಎದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮುಂದೆ ಬರಗೂರು ರಾಮಚಂದ್ರಪ್ಪನವರ ಸಮಿತಿ ಪಠ್ಯಪುಸ್ತಕಗಳನ್ನು ಪರಿಷ್ಕರಿಸಿತು. ಸರ್ಕಾರ ಬದಲಾದ ಮೇಲೆ ರೋಹಿತ್ ಚಕ್ರತೀರ್ಥ ಅವರ ಸಮಿತಿ ಅವುಗಳನ್ನು ಮತ್ತೆ ಪರಿಷ್ಕರಿಸಿತು. 2022ರಲ್ಲಿ ಅದರ ವಿರುದ್ಧ ನಾಡಿನೆಲ್ಲೆಡೆ ಪ್ರತಿಭಟನೆಗಳಾದವು. ದೇವನೂರ ಮಹಾದೇವ ಅವರಂಥ ಲೇಖಕರು ತಮ್ಮ ಬರಹವನ್ನು ಪಠ್ಯದಲ್ಲಿ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. 2023ರಲ್ಲಿ ಸರ್ಕಾರ ಮತ್ತೆ ಬದಲಾಯಿತು, ಕೆಲವು ಪಾಠಗಳು ಮತ್ತೆ ಹೋದವು. ರಾಜ್ಯಕ್ಕೆ ಪ್ರತ್ಯೇಕ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಗಿ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು.

ಈ ಎಲ್ಲ ಜಗಳಗಳೂ ಯಾವ ಪಾಠ ಇರಬೇಕು, ಯಾರ ಪಾಠ ಹೋಗಬೇಕು ಎಂಬುದರ ಬಗ್ಗೆ. ಅದು ಸಣ್ಣ ವಿಷಯವಲ್ಲ, ಅಲ್ಪಸಂಖ್ಯಾತರಾದ ನಮಗಂತೂ ಅಲ್ಲವೇ ಅಲ್ಲ. ಆದರೆ ಪಾಠದ ಕೊನೆಯ ಪುಟವನ್ನು ತೆರೆದು ನೋಡಿದವರು ಎಷ್ಟು ಮಂದಿ? ಒಂದು ವಾಕ್ಯದಲ್ಲಿ ಉತ್ತರಿಸಿರಿ, ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ. ಇಂಥ ಪ್ರಶ್ನೆಗಳಿಗೆ ಉತ್ತರ ಪಾಠದ ಒಳಗೇ ಇರುತ್ತದೆ. ಅದನ್ನು ಹುಡುಕಿ ನಕಲು ಮಾಡಿದರೆ ಪೂರ್ತಿ ಅಂಕ. ಈ ಪಾಠವನ್ನು ಬರೆದವರಿಗೆ ಇದು ಹೇಗೆ ಗೊತ್ತಾಯಿತು, ಬೇರೆಯವರು ಇದನ್ನು ಬೇರೆ ರೀತಿ ಹೇಳಿದ್ದಾರೆಯೇ ಎಂದು ಕೇಳುವ ಪ್ರಶ್ನೆ ಅಪರೂಪ. ಅಂಥ ಪ್ರಶ್ನೆ ಕೇಳಲು ಕಲಿತ ಮಗುವಿಗೆ ಯಾವ ಸಮಿತಿಯ ಪುಸ್ತಕ ಕೊಟ್ಟರೂ ಭಯವಿಲ್ಲ. ಅದನ್ನು ಕಲಿಯದ ಮಗುವಿಗೆ ಒಳ್ಳೆಯ ಪುಸ್ತಕವೂ ಬಾಯಿಪಾಠದ ಹೊರೆಯೇ.

ಹೆತ್ತವರ ಭಯವೂ ನಿಜ, ಅದನ್ನು ತಳ್ಳಿಹಾಕಬಾರದು. 2012ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ರಿಪಬ್ಲಿಕನ್ ಪಕ್ಷ ತನ್ನ ಪ್ರಣಾಳಿಕೆಯಲ್ಲಿ ವಿಮರ್ಶಾತ್ಮಕ ಚಿಂತನೆಯ ಬೋಧನೆಯನ್ನು ವಿರೋಧಿಸಿತ್ತು. ಅಂಥ ಬೋಧನೆ ಮಕ್ಕಳ ಸ್ಥಿರ ನಂಬಿಕೆಗಳನ್ನು ಅಲುಗಿಸುತ್ತದೆ, ತಂದೆತಾಯಿಗಳ ಅಧಿಕಾರವನ್ನು ಕುಂದಿಸುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಟೀಕೆ ಬಂದಾಗ, ಆ ಪದಗಳು ಪ್ರಮಾದದಿಂದ ಸೇರಿದವೆಂದು ಪಕ್ಷದ ವಕ್ತಾರರು ಹೇಳಬೇಕಾಯಿತು. ನಾವು ನಗಬಹುದು. ಆದರೆ ಮಗಳು ಭಾನುವಾರ ಬಲಿಪೂಜೆಗೆ ಏಕೆ ಬರಬೇಕೆಂದು ಕೇಳಿದಾಗ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಯಾವುದು? ಸುಮ್ಮನೆ ಹೊರಡು ಎಂಬುದೇ ತಾನೆ?

ಧರ್ಮಸಭೆ ಪ್ರಶ್ನೆಗೆ ಹೆದರಿತ್ತೇ?

ಕೆಲವೊಮ್ಮೆ ಹೆದರಿತು. 1633ರಲ್ಲಿ ಗೆಲಿಲಿಯೋನನ್ನು ಖಂಡಿಸಿದ್ದು ನಮ್ಮ ಇತಿಹಾಸದ ನೋವಿನ ಪುಟ. ಆ ಪ್ರಕರಣದಲ್ಲಿ ಅಂದಿನ ದೈವಶಾಸ್ತ್ರಜ್ಞರು ತಪ್ಪಿದ್ದರೆಂದು 1992ರಲ್ಲಿ ವಿಶ್ವಗುರು ಎರಡನೇ ಜಾನ್ ಪೌಲರು ಬಹಿರಂಗವಾಗಿ ಒಪ್ಪಿಕೊಂಡರು. 1998ರಲ್ಲಿ ಅದೇ ವಿಶ್ವಗುರುಗಳು ವಿಶ್ವಾಸ ಮತ್ತು ವಿವೇಕದ ಬಗ್ಗೆ ವಿಶ್ವಪತ್ರವನ್ನೇ ಬರೆದು, ಇವೆರಡೂ ಒಂದನ್ನೊಂದು ಬಿಟ್ಟರೆ ಎರಡೂ ಬಡವಾಗುತ್ತವೆಂದು ಬೋಧಿಸಿದರು.

ಆದರೆ ಧರ್ಮಸಭೆಯ ಹಳೆಯ ಅಭ್ಯಾಸ ಇನ್ನೊಂದಿದೆ. 13ನೇ ಶತಮಾನದಲ್ಲಿ ಅಕ್ವಿನಾದ ಸಂತ ತೋಮಾಸರು ಬರೆದ ದೈವಶಾಸ್ತ್ರದ ಮಹಾಗ್ರಂಥ ಉತ್ತರಗಳ ಪುಸ್ತಕವೆಂದು ನಾವು ಭಾವಿಸಿದ್ದೇವೆ. ಅದರ ರಚನೆ ನೋಡಿದರೆ ಅದು ಪ್ರಶ್ನೆಗಳ ಪುಸ್ತಕ. ಪ್ರತಿಯೊಂದು ವಿಷಯದಲ್ಲೂ ಮೊದಲು ಎದುರುಪಕ್ಷದವರ ಆಕ್ಷೇಪಗಳು, ಅವೂ ದುರ್ಬಲವಾಗಿ ಅಲ್ಲ, ಬಲವಾಗಿ. ದೇವರಿದ್ದಾರೆಯೇ ಎಂಬ ವಿಷಯಕ್ಕೆ ಬಂದಾಗಲೂ ಅವರು ದೇವರಿಲ್ಲ ಎನ್ನುವವರ ವಾದದಿಂದಲೇ ಆರಂಭಿಸುತ್ತಾರೆ. ಲೋಕದಲ್ಲಿ ಇಷ್ಟು ಕೇಡಿದೆಯಲ್ಲ, ಪ್ರಕೃತಿಯ ನಿಯಮಗಳೇ ಎಲ್ಲವನ್ನೂ ವಿವರಿಸುತ್ತವಲ್ಲ ಎಂದು ಮೊದಲು ಬರೆದು, ಆಮೇಲೆ ತಮ್ಮ ಉತ್ತರ ಹೇಳುತ್ತಾರೆ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡಬಾರದೆಂಬ ಶಿಸ್ತು ಅದು. ಆ ಬರಹಗಾರರನ್ನು ನಾವು ಸಂತರೆಂದೂ ಧರ್ಮಪಂಡಿತರೆಂದೂ ಗೌರವಿಸುತ್ತೇವೆ.

ಪವಾಡಗಳ ಮಾತಿಗೆ ಬಂದರೆ, ಡಾ. ನರಸಿಂಹಯ್ಯನವರ ಸಮಿತಿಗಿಂತ ಬಹಳ ಮೊದಲೇ ನಮ್ಮಲ್ಲಿ ಸಮಿತಿಗಳಿದ್ದವು. 1587ರಲ್ಲಿ ವಿಶ್ವಗುರು ಐದನೇ ಸಿಕ್ಸ್ತುಸರು ಸಂತ ಪದವಿಯ ವಿಚಾರಣೆಗಳಲ್ಲಿ ಆಕ್ಷೇಪ ಎತ್ತುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸುವ ಪದ್ಧತಿ ತಂದರು. ಜನ ಅವರನ್ನು ಸೈತಾನನ ವಕೀಲರೆಂದು ಕರೆದರು. 1858ರಲ್ಲಿ ಲೂರ್ದಿನಲ್ಲಿ ಮಾತೆ ಮರಿಯಮ್ಮನವರ ದರ್ಶನವಾದಾಗ ಅಲ್ಲಿಯ ಧರ್ಮಾಧ್ಯಕ್ಷರು ತಕ್ಷಣ ಗಂಟೆ ಬಾರಿಸಲಿಲ್ಲ. ವಿಚಾರಣೆ ನಡೆಸಿ 1862ರಲ್ಲಿ ತೀರ್ಪು ಕೊಟ್ಟರು. 1883ರಿಂದ ಅಲ್ಲಿ ವೈದ್ಯಕೀಯ ಕಚೇರಿಯೊಂದಿದೆ. ವೈದ್ಯರು ಯಾವ ಮತದವರಾದರೂ ಅಲ್ಲಿಯ ದಾಖಲೆಗಳನ್ನು ಪರಿಶೀಲಿಸಬಹುದು. ಗುಣವಾಯಿತೆಂದು ಬಂದು ಹೇಳಿದ ಪ್ರಕರಣಗಳು 7,000ಕ್ಕೂ ಹೆಚ್ಚು. 2025ರ ಏಪ್ರಿಲ್‌ವರೆಗೆ ಧರ್ಮಸಭೆ ಪವಾಡವೆಂದು ಘೋಷಿಸಿದ್ದು 72 ಮಾತ್ರ. ನೂರಕ್ಕೆ ಒಂದು ಎಂಬಷ್ಟು. ಉಳಿದವರ ಭಕ್ತಿ ಸುಳ್ಳೆಂದು ಇದರ ಅರ್ಥವಲ್ಲ. ದೇವರ ಹೆಸರಿನಲ್ಲಿ ಹೇಳುವ ಮಾತು ನಿಜವಾಗಿರಬೇಕೆಂಬ ಭಯಭಕ್ತಿ ಇದು.

ನಮ್ಮ ಕಡೆಗೆ ತಿರುಗಿದ ಪ್ರಶ್ನೆ

ಈಗ ಒಂದು ಕಹಿ ಮಾತು. 1976ರ ಪತ್ರಗಳ ಕಥೆಯನ್ನು ಕೇಳುವಾಗ ನಮ್ಮಲ್ಲಿ ಕೆಲವರಿಗೆ ಖುಷಿಯಾಗುತ್ತದೆ, ಏಕೆಂದರೆ ಪರೀಕ್ಷೆಗೆ ಒಳಗಾದದ್ದು ಬೇರೆಯವರ ಭಕ್ತಿ. ಅನ್ಯಧರ್ಮೀಯರ ಭಕ್ತಿಯನ್ನು ಕಂಡು ನಗುವುದು ಕ್ರೈಸ್ತನಿಗೆ ಸಲ್ಲದು. ಅಲ್ಲದೆ ಪ್ರಶ್ನೆ ನಮ್ಮ ಬಾಗಿಲಿಗೂ ಬಂತು. 2012ರ ಮಾರ್ಚ್‌ನಲ್ಲಿ ಮುಂಬೈಯ ಇರ್ಲಾದ ವೇಲಾಂಕಣಿ ಮಾತೆಯ ದೇವಾಲಯದ ಬಳಿಯ ಶಿಲುಬೆಯಿಂದ ನೀರು ತೊಟ್ಟಿಕ್ಕತೊಡಗಿತು. ಜನ ಆ ನೀರನ್ನು ತೀರ್ಥವೆಂದು ಸಂಗ್ರಹಿಸಿದರು. ವಿಚಾರವಾದಿ ಸನಲ್ ಎಡಮರುಕು ಅವರು ಬಂದು ಪರಿಶೀಲಿಸಿ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಮೂಲಕ ಮೇಲೇರಿ ಬರುತ್ತಿದೆ ಎಂದರು. ಕೆಲವು ಕಥೋಲಿಕ ಸಂಘಟನೆಗಳವರು ಅವರ ಮೇಲೆ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ಪೊಲೀಸ್ ದೂರು ಕೊಟ್ಟರು. ಅದೇ ವರ್ಷ ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಅವರ ಎಲ್ಲ ಮಾತುಗಳನ್ನೂ ನಾವು ಒಪ್ಪಬೇಕಿಲ್ಲ. ಆದರೆ ಚರಂಡಿಯನ್ನು ನೋಡಿರೆಂದ ಮನುಷ್ಯನಿಗೆ ಕೊಡಬೇಕಾದ ಉತ್ತರ ಪೊಲೀಸ್ ಠಾಣೆಯದಾಗಿತ್ತೇ? ಲೂರ್ದಿನ ವೈದ್ಯರು ಬಂದಿದ್ದರೆ ಅವರೂ ಮೊದಲು ಚರಂಡಿಯನ್ನೇ ನೋಡುತ್ತಿದ್ದರು.

ಇನ್ನೊಂದು ಇತಿಹಾಸ ನೆನಪಿರಲಿ. 18ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳು ಚಿಕ್ಕಬಳ್ಳಾಪುರದಲ್ಲಿ ನೆಲೆಸಿ ಶುಭಸಂದೇಶ ಸಾರಿದರು. ಅವರು ಇಲ್ಲಿಂದ ಬರೆದ ಪತ್ರಗಳು ಪ್ಯಾರಿಸ್ಸಿನಲ್ಲಿ ಅಚ್ಚಾದವು. ಅಂದು ಈ ಸೀಮೆಯಲ್ಲಿ ಕ್ರಿಸ್ತನನ್ನು ಅಂಗೀಕರಿಸಿದವರು ಹಿರಿಯರು ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಒಪ್ಪಿದವರಾಗಿರಲಿಲ್ಲ. ಕೇಳಿದರು, ತೂಗಿದರು, ಬೆಲೆ ತೆತ್ತು ಒಪ್ಪಿದರು. ಪ್ರಶ್ನೆಯ ಬಾಗಿಲಿನಿಂದ ಒಳಗೆ ಬಂದವರ ಮಕ್ಕಳು ನಾವು. ಅದೇ ಬಾಗಿಲನ್ನು ನಮ್ಮ ಮಕ್ಕಳಿಗೆ ಮುಚ್ಚುವುದು ಹೇಗೆ?

ನಾವು ಏನು ಮಾಡಬಹುದು?

ಡಾ. ನರಸಿಂಹಯ್ಯನವರು 2005ರ ಜನವರಿ 31ರಂದು ತೀರಿಕೊಂಡರು. ನಮ್ಮ ವಿಶ್ವಾಸದವರಲ್ಲ. ಪವಾಡಗಳೆಲ್ಲ ಕೈಚಳಕವೇ ಎಂಬ ನಿಲುವನ್ನು ನಾವು ಒಪ್ಪುವುದಿಲ್ಲ. ಪರೀಕ್ಷೆಗೆ ಸಿಗುವುದಷ್ಟೇ ಸತ್ಯವೆಂದರೆ ತಾಯಿಯ ಪ್ರೀತಿಯನ್ನೂ ಕ್ಷಮೆಯನ್ನೂ ಇಡಲು ಜಾಗವಿರುವುದಿಲ್ಲ. ಆದರೆ ಸುಳ್ಳಿನ ಮೇಲೆ ನಿಂತ ಭಕ್ತಿ ನಿಲ್ಲುವುದಿಲ್ಲವೆಂಬ ಅವರ ಮಾತಿಗೆ ಸಂತ ಪೌಲರೂ ಒಪ್ಪುತ್ತಿದ್ದರು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಅವರು ಕೇಳಿದ್ದೂ ಎಲ್ಲವನ್ನು ಒರೆಗೆ ಹಚ್ಚಿ ಒಳ್ಳೆಯದನ್ನು ಉಳಿಸಿಕೊಳ್ಳುವುದನ್ನೇ.

ಆದ್ದರಿಂದ ಹೆತ್ತವರಲ್ಲಿ ಒಂದು ವಿನಂತಿ. ಮಗು ಪ್ರಶ್ನೆ ಕೇಳಿದರೆ ಗದರಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಇಬ್ಬರೂ ಕೂಡಿ ಗುರುಗಳನ್ನು ಕೇಳಿ, ಪುಸ್ತಕ ನೋಡಿ. ಧರ್ಮೋಪದೇಶದ ಶಿಕ್ಷಕರಲ್ಲಿಯೂ ಒಂದು ಮಾತು. ನಮ್ಮ ಹಳೆಯ ಧರ್ಮೋಪದೇಶದ ಪುಸ್ತಕದಲ್ಲಿ ಪ್ರಶ್ನೆಯೂ ಉತ್ತರವೂ ಅಚ್ಚಾಗಿ ಬರುತ್ತಿದ್ದವು, ಮಗು ಎರಡನ್ನೂ ಬಾಯಿಪಾಠ ಮಾಡುತ್ತಿತ್ತು. ಆ ಉತ್ತರಗಳು ಅಮೂಲ್ಯ. ಅವುಗಳ ಜತೆಗೆ ಪ್ರತಿ ಭಾನುವಾರ ಹತ್ತು ನಿಮಿಷ ಮಗುವಿನ ಸ್ವಂತ ಪ್ರಶ್ನೆಗೆ ಮೀಸಲಿಡಿ. ಶಾಲೆಯ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಯನ್ನಷ್ಟೇ ಕೇಳದೆ, ನಮ್ಮ ಮಗು ತರಗತಿಯಲ್ಲಿ ಪ್ರಶ್ನೆ ಕೇಳುತ್ತದೆಯೇ ಎಂದೂ ವಿಚಾರಿಸಿ. ಸರ್ಕಾರಿ ಶಾಲೆಯಾಗಲಿ, ಧರ್ಮಭಗಿನಿಯರು ನಡೆಸುವ ಶಾಲೆಯಾಗಲಿ, ಈ ಮಾತು ಎರಡಕ್ಕೂ ಅನ್ವಯ. ವೈರಾಣುವಿನಂತೆ ಹರಡುವ ಮೊಬೈಲ್ ಸಂದೇಶಗಳ ಈ ಕಾಲದಲ್ಲಿ, ಪವಾಡದ ಸುದ್ದಿಯಾಗಲಿ ದ್ವೇಷದ ಸುದ್ದಿಯಾಗಲಿ, ಮುಂದಕ್ಕೆ ಕಳುಹಿಸುವ ಮುನ್ನ ಇದು ನಿಜವೇ ಎಂದು ಕೇಳುವುದನ್ನು ಮನೆಯ ನಿಯಮ ಮಾಡಿಕೊಳ್ಳಿ.

ತೋಮಾಸರು ತಮ್ಮ ಪ್ರಶ್ನೆಯನ್ನು ಹೊತ್ತುಕೊಂಡೇ ಶಿಷ್ಯರ ನಡುವೆ ಎಂಟು ದಿನ ಉಳಿದರು, ಶಿಷ್ಯರು ಅವರನ್ನು ಉಳಿಸಿಕೊಂಡರು. ನಮ್ಮ ಮನೆಗಳೂ ಧರ್ಮಕೇಂದ್ರಗಳೂ ಪ್ರಶ್ನೆ ಹೊತ್ತ ಮಕ್ಕಳನ್ನು ಹಾಗೆಯೇ ಉಳಿಸಿಕೊಳ್ಳುವ ಕೋಣೆಗಳಾಗಲಿ. ಪ್ರಭು ಬರುವಾಗ ಅವರು ಅಲ್ಲಿರಬೇಕು. ಭಾರತದ ಪ್ರೇಷಿತರಾದ ಸಂತ ತೋಮಾಸರೇ, ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿರಿ.